ಓದುಗರು ಕೇಳ್ಯಾರ: ಬರ್ಫ ಬೀಳೋ ಊರಿನ ರಸ್ತೆ, ನಮ್ಮೂರಿನ ಗಟಾರ

ಹೋದ ಸಂಚಿಕೆದಾಗ ಊರಿನ ರಸ್ತೆ, ನಳ, ಗಟಾರದ ಬಗ್ಗೆ ಏನರೆ ಕೇಳೋದಿದ್ರ ಬರೀರಿ ಅಂದಿದ್ವಿ. ಬಂದ ಪತ್ರದಾಗ ಭಾಳಷ್ಟು ಅಮೆರಿಕಾ, ಕೆನಡಾದಾಗ ಮಕ್ಕಳಿರೋ ತಂದಿ-ತಾಯಿಗಳದ್ದೇ ಅವ. ಅದಕ್ಕ ಈ ಸಲ ಬರ್ಫ ಬೀಳೋ ಊರಿನ ಮುನ್ಸಿಪಾಲ್ಟಿ ಕೆಲಸದ ಮಾತೇ ಜಾಸ್ತಿ, ನಡುವ ನಮ್ಮೂರಿನ ಮಾತೂ ಅದ.

ನನ್ನ ಮಗಳು ಅಳಿಯ ಮಿನ್ನೆಸೋಟಾ ರಾಜ್ಯದಾಗ ಹೊಸಾ ಮನಿ ತೊಗೊಂಡಾರ. ಮನಿ ಮುಂದಿನ ಫುಟ್‌ಪಾತ್ ಮ್ಯಾಲಿನ ಬರ್ಫ ನೀವೇ ತೆಗೀಬೇಕು ಅಂತ ಊರಿನ ಆಫೀಸಿಂದ ನೋಟಿಸ್ ಬಂದದಂತ. ಅಷ್ಟು ಟ್ಯಾಕ್ಸ್ ಕಟ್ಟಿ ಮತ್ತ ಸಲಿಕಿ ಹಿಡೀಬೇಕಾ? ಅಳಿಯ ತೆಗೆದ ಮ್ಯಾಲ ಸಿಟಿ ಗಾಡಿ ಬಂದು ಗೇಟಿನ ಮುಂದ ಮತ್ತ ಬರ್ಫ ಒಟ್ಟಿ ಹೋಗ್ತದಂತ. ಇದೆಂಥಾ ನ್ಯಾಯ?
(ಒಬ್ಬ ತಾಯಿ, ಬ್ರಹ್ಮಪುರ, ಕಲಬುರಗಿ)

ಅಕ್ಕೋರ, ನಿಮ್ಮ ಸಿಟ್ಟು ತಿಳೀತದ, ಆದ್ರ ಅಲ್ಲಿ ರೀತಿನೇ ಹಂಗದ. ರಸ್ತೆ ಊರಿಂದು, ಮನಿ ಮುಂದಿನ ಫುಟ್‌ಪಾತಿನ ಸ್ವಚ್ಛ ಮನಿಯವರದ್ದು. ಆ ರಾಜ್ಯದ ದೊಡ್ಡ ಊರು ಮಿನಿಯಾಪೊಲಿಸ್‌ದಾಗ ನಿಯಮ ಏನಂದ್ರ ಬರ್ಫ ಬೀಳೋದು ನಿಂತ 24 ತಾಸಿನೊಳಗ ಮನಿಯವರು ಫುಟ್‌ಪಾತ್ ಖಾಲಿ ಮಾಡಬೇಕು, ಅಂಗಡಿ, ದೊಡ್ಡ ಅಪಾರ್ಟ್‌ಮೆಂಟ್ ಇದ್ರ ಹಗಲಿನ 4 ತಾಸಿನೊಳಗ. ಮಾಡಲಿಲ್ಲಂದ್ರ ಸಿಟಿಯವರೇ ತೆಗಸಿ ಬಿಲ್ಲು ಮನಿ ಮಾಲಕರ ಹೆಸರಿಗಿ ಹಚ್ತಾರ. ಯಾಕಿಷ್ಟು ಕಟ್ಟುನಿಟ್ಟು ಅಂದ್ರ ತುಳಿದು ಗಟ್ಟಿಯಾದ ಬರ್ಫ ರಾತ್ರಿ ಹೆಪ್ಪುಗಟ್ಟಿ ಕನ್ನಡಿಯಂಗ ಆಗ್ತದ, ವಯಸ್ಸಾದವರು, ಗಾಲಿಕುರ್ಚಿಯವರು, ಸಾಲಿಗಿ ಹೋಗೋ ಹುಡುಗರು ಕಾಲಿಡಲಿಕ್ಕೇ ಆಗಂಗಿಲ್ಲ. ಬಸ್ ಸ್ಟಾಪಿಗಿ ಹೋಗೋ ದಾರಿದಾಗ ಒಂದ್ ಮನಿಯವರು ಬಿಟ್ರೂ ಆ ದಾರಿ ಅಲ್ಲಿಗೇ ಮುಗೀತು.

ಗೇಟಿನ ಮುಂದ ಒಟ್ಟೋದು ಬೇಕಂತ ಮಾಡೋದಲ್ಲರಿ. ಲಾರಿ ಮುಂದ ಕಟ್ಟಿದ ಕಬ್ಬಿಣದ ಹಲಗಿ ಒಂದ್ ಕಡಿಗಿ ವಾರಿ ಇರ್ತದ, ನೇಗಿಲು ಹೊಡ್ದಾಗ ಮಣ್ಣು ಬಾಜೂಕ ಬಿದ್ದಂಗ ಬರ್ಫ ರಸ್ತೆ ಅಂಚಿಗಿ ಬೀಳ್ತದ, ಗೇಟು ಬಂತು ಅಂತ ಡ್ರೈವರ್ ಹಲಗಿ ಎತ್ತಿ ಇಳಿಸಿ ಮಾಡ್ಕೋತ ಹೋದ್ರ ಊರು ಮುಗಿಯಂಗೇ ಇಲ್ಲ. ಟೊರಾಂಟೋದಂಥ ಕೆಲವು ಊರಾಗ ಸಾಧ್ಯ ಇದ್ದ ಓಣಿದಾಗ ಸಿಟಿನೇ ಗೇಟಿನ ಮುಂದ ಬಿದ್ದ ಈ ಬರ್ಫದ ಸಾಲು ತೆಗೆದು ಕೊಡ್ತದ, ಭಾಳ ಊರಾಗ ಮನಿಯವರೇ ತೆಗೀಬೇಕು. ನಿಮ್ಮ ಅಳಿಯಗ ಒಂದ್ ಯುಕ್ತಿ ಹೇಳ್ರಿ: ಗೇಟಿನ್ಯಾಗ ರಸ್ತೆ ಕಡಿ ಮುಖ ಮಾಡಿ ನಿಂತು, ಎಡಗಡಿ ರಸ್ತೆ ಅಂಚಿನ್ಯಾಗ ಮದ್ಲೇ ಒಂದಷ್ಟು ಜಾಗ ಖಾಲಿ ಮಾಡಿಡಬೇಕು, ತೆಗೆದ ಬರ್ಫ ಬಲಗಡಿ ಹಾಕಬೇಕು. ಅಲ್ಲಿ ಗಾಡಿ ರಸ್ತೆ ಬಲಕ್ಕ ಓಡ್ತಾವ, ಹಂಗಾಗಿ ಲಾರಿ ಎಡದಿಂದ ಬರ್ತದ, ಹಲಗಿದಾಗಿಂದು ಆ ಖಾಲಿ ಜಾಗದಾಗ ಬಿದ್ದು ಗೇಟಿಗಿ ಕಡಿಮಿ ಬರ್ತದ. ಮನಿ ಹತ್ತಿರ ಫೈರ್ ಬ್ರಿಗೇಡಿನವರ ನೀರಿನ ಕಂಬ ಇದ್ರ ಅದರ ಸುತ್ತ ಮೂರ್ ಅಡಿ ಬಿಡಿಸಿಡಲಿ, ಬೆಂಕಿ ಬಿದ್ದಾಗ ಅದನ್ನ ಬರ್ಫದಾಗ ಹುಡುಕ್ಕೋತ ನಿಂತ್ರ ಮನಿ ಉಳಿಯಂಗಿಲ್ಲ.

ಬರ್ಫ ಬಿದ್ದ ದಿನ ನನ್ನ ಮಗನ ಕಾರು ಎಳಕೊಂಡು ಹೋದ್ರಂತ, ಅದೂ ಮನಿ ಮುಂದ ನಿಲ್ಲಿಸಿದ್ದು. ಬಿಡಿಸಿಕೊಳ್ಳಲಿಕ್ಕ ಭಾಳ ರೊಕ್ಕ ಹೋಯ್ತು. ಮದ್ಲು ಹೇಳಬಾರದಾ?
(ನಿವೃತ್ತ ಶಿಕ್ಷಕರು, ಹುಮನಾಬಾದ್, ಬೀದರ ಜಿಲ್ಲಾ)

ಗುರುಗಳ, ಬಹುತೇಕ ಹೇಳಿರ್ತಾರ್ರಿ, ಆದ್ರ ಹೊಸದಾಗಿ ಹೋದವರಿಗಿ ಯಾವಾಗ ಎಲ್ಲಿ ನೋಡಬೇಕು ಅಂತ ಗೊತ್ತಿರಂಗಿಲ್ಲ. ಮಿನಿಯಾಪೊಲಿಸ್ ರೀತಿನೇ ಹೇಳ್ತೀನಿ. ಭಾರೀ ಬರ್ಫ ಬಿದ್ರ ಸಿಟಿ 'ಸ್ನೋ ಎಮರ್ಜೆನ್ಸಿ' ಅಂತ ಸಾರ್ತದ. ಮದ್ಲನೇ ದಿನ ರಾತ್ರಿ 9ರಿಂದ ಮುಂಜಾನಿ 8ರ ತನ ಮುಖ್ಯ ರಸ್ತೆಗಳ ಎರಡೂ ಬಾಜೂ ಗಾಡಿ ನಿಲ್ಲಿಸೂ ಹಂಗಿಲ್ಲ. ಎರಡನೇ ದಿನ ಮುಂಜಾನಿ 8ರಿಂದ ರಾತ್ರಿ 8ರ ತನ ಒಳಗಿನ ಓಣಿಗಳಾಗ ಸರಿ ನಂಬರಿನ ಮನಿಗಳ ಬಾಜೂ ಖಾಲಿ ಇರಬೇಕು, ಮೂರನೇ ದಿನ ಬೆಸ ನಂಬರಿನ ಬಾಜೂ. ಫೋನಿಗಿ ಮೆಸೇಜ್ ಬರ್ತದ, 311 ನಂಬರಿಗಿ ಹಚ್ಚಿದ್ರ ಹೇಳ್ತಾರ. ಮಗನಿಗಿ ಇಂದೇ ಫೋನ್ ಮಾಡಿ, ತನ್ನೂರಿನ ಇಂಥಾ ಮೆಸೇಜಿಗಿ ಹೆಸರು ಹಚ್ಚಿಕೊಳ್ಳಲಿಕ್ಕ ಹೇಳ್ರಿ. ಒಂದ್ ಕಾರು ನಡುವ ನಿಂತ್ರ ಲಾರಿ ಅದನ್ನ ಬಳಸಿಕೊಂಡು ಹೋಗಬೇಕು, ಅಲ್ಲಿ ಬರ್ಫ ಉಳೀತದ, ಹೆಪ್ಪುಗಟ್ಟಿ ರಸ್ತೆ ಸಣ್ಣಾಗ್ತದ, ಮುಂದ ತಿಂಗಳಗಟ್ಲೆ ಕರಗಂಗಿಲ್ಲ, ಆಮ್ಯಾಲ ಅಂಬುಲೆನ್ಸ್ ಹಾದು ಹೋಗೋದೂ ಕಷ್ಟ.

ಕೆನಡಾದ ಮಾಂಟ್ರಿಯಲ್‌ದಾಗ ಇನ್ನೂ ಒಂದ್ ಹೆಜ್ಜಿ ಮುಂದ. ಬರ್ಫ ಬರೀ ಬಾಜೂಕ ಸರಿಸೋದಿಲ್ಲ, ಮಷಿನ್‌ಲೆ ಲಾರಿಗಿ ತುಂಬಿ ಬ್ಯಾರೆ ಕಡಿ, ಹಳೇ ಕಲ್ಲಿನ ಖಣಿದಾಗೂ ಒಯ್ದು ಹಾಕ್ತಾರ. ರಸ್ತೆದಾಗ ಮದ್ಲೇ ಕಿತ್ತಳಿ ಬಣ್ಣದ ಬೋರ್ಡ್ ಇಡ್ತಾರ, ಗಾಡಿ ಎಳಿಯೋ ಮುಂಚೆ ಸೈರನ್ ಊದ್ತಾರ.

ನನಗ ಈ ಊರುಗಳ ಕೆಲಸದಾಗ ಭಾಳ ಮನಸಿಗಿ ಹಿಡಿಸಿದ್ದು ಈ ಕ್ರಮರಿ. ಮಷಿನ್ ರೊಕ್ಕ ಕೊಟ್ರ ಬರ್ತಾವ. ಯಾವ ರಸ್ತೆ ಮದ್ಲು, ಯಾವುದು ಆಮ್ಯಾಲ, ಯಾರ ಪಾಲಿಗಿ ಏನು, ಎಷ್ಟು ತಾಸಿನೊಳಗ, ಇದೆಲ್ಲ ಬರ್ಫ ಬೀಳೋ ಮುಂಚೇನೇ ಬರೆದು ಜನರ ಕೈಗಿ ಕೊಟ್ಟಿರ್ತಾರ.

ಬರ್ಫಕ್ಕ ಉಪ್ಪು ಯಾಕ ಹಾಕ್ತಾರ ಸರ್? ಬಿಸಿನೀರು ಸುರುದ್ರ ಆಗಂಗಿಲ್ಲಾ? ಅಷ್ಟು ಉಪ್ಪು ಎಲ್ಲಿ ಹೋಗ್ತದ?
(ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿ, ಯಾದಗಿರಿ)

ತಮ್ಮಾ, ಚಲೋ ಪ್ರಶ್ನೆ ಕೇಳಿದಿ. ಉಪ್ಪು ಬೆರತ ನೀರು ಸೊನ್ನೆ ಡಿಗ್ರಿಗಿ ಹೆಪ್ಪುಗಟ್ಟಂಗಿಲ್ಲ, ಅದಕ್ಕಿಂತ ಕೆಳಗ ಹೋಗಬೇಕು. ಸಾದಾ ಉಪ್ಪು ರಸ್ತೆ ಮ್ಯಾಲ ಸುಮಾರು ಮೈನಸ್ 9 ಡಿಗ್ರಿ ತನ ಚಲೋ ಕೆಲಸ ಮಾಡ್ತದ, ಅದರ ಕೆಳಗ ಭಾಳ ನಿಧಾನ ಆಗ್ತದ, ಆಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಷಿಯಂ ಕ್ಲೋರೈಡ್ ಅನ್ನೋ ಬ್ಯಾರೆ ಜಾತಿ ಉಪ್ಪು ಬಳಸ್ತಾರ, ಇಲ್ಲಂದ್ರ ಟೈರಿಗಿ ಹಿಡಿತ ಸಿಗಲಿ ಅಂತ ಬರೀ ಮರಳು ಒಗೀತಾರ. ಬರ್ಫ ಬೀಳೋ ಮುಂಚೆ ಉಪ್ಪಿನ ನೀರು, ನೂರಕ್ಕ 23 ಪಾಲು ಉಪ್ಪಿಂದು, ರಸ್ತೆ ಮ್ಯಾಲ ಪಟ್ಟಿ ಪಟ್ಟಿಯಾಗಿ ಬಿಡೋದೂ ಅದ. ಹಂಗ ಮಾಡಿದ್ರ ಬರ್ಫ ಡಾಂಬರಿಗಿ ಅಂಟಂಗಿಲ್ಲ, ಉಪ್ಪೂ ಕಡಿಮಿ ಹಿಡೀತದ.

ಬಿಸಿನೀರು ಸುರುದ್ರ ಅದೇ ನೀರು ಮತ್ತ ಹೆಪ್ಪುಗಟ್ಟಿ ಇನ್ನೂ ಜಾರ್ತದ. ಆದ್ರ ಜಪಾನಿನ ನಾಗಓಕ ಅನ್ನೋ ಊರಾಗ ನೆಲದೊಳಗಿನ ನೀರು ಪೈಪಿನಿಂದ ರಸ್ತೆ ನಡುವ ಚಿಮ್ಮಸಿ ಬರ್ಫ ಕರಗಿಸ್ತಾರ, 1960ರ ದಶಕದಿಂದ ಆ ಪದ್ಧತಿ ಅಲ್ಲಿ ಬೆಳೀತು. ಅಲ್ಲಿ ಥಂಡಿ ಅಷ್ಟು ಕಡು ಇಲ್ಲ, ನೀರು ಎಡೆಬಿಡದ ಹರೀತಿರ್ತದ, ಅದಕ್ಕ ನಡೀತದ. ಭಾಳ ನೀರು ಎತ್ತಿದ್ದಕ್ಕ ಕೆಲವು ಕಡಿ ನೆಲ ಕುಸಿದದ್ದೂ ಆಗ್ಯದ.

ಉಪ್ಪು ಎಲ್ಲಿ ಹೋಗ್ತದ ಅಂತ ಕೇಳಿದಿ, ಎಲ್ಲೂ ಹೋಗಂಗಿಲ್ಲ, ಅದೇ ಚಿಂತಿ. ಬರ್ಫದ ನೀರಿನ ಕೂಡ ಕೆರಿ, ಹೊಳಿ, ಬಾವಿ ಸೇರ್ತದ. ಒಂದ್ ಟೀ ಚಮಚ ಉಪ್ಪು 5 ಗ್ಯಾಲನ್, ಅಂದ್ರ ಸುಮಾರು 19 ಲೀಟರ್ ನೀರು ಜಲಚರಕ್ಕ ಬಾಳಲಾರದಂಗ ಕೆಡಸ್ತದ ಅಂತ ಮಿನ್ನೆಸೋಟಾ ಸರ್ಕಾರವೇ ಜನರಿಗಿ ತಿಳಿಸಿ ಹೇಳ್ತದ. ಸೇತುವೆಯ ಕಬ್ಬಿಣ ತುಕ್ಕು ಹಿಡೀತದ, ನಾಯಿ ಪಾದ ಸುಡ್ತಾವ.

ನೀ ಸಿವಿಲ್ ಓದ್ಲಿಕತ್ತಿದಿ, ಇದನ್ನೂ ಕೇಳು. ಅಲ್ಲಿ ರಸ್ತೆ ಗುಂಡಿ ಬೀಳೋದು ನೀರು ಬಿರುಕಿನ್ಯಾಗ ಇಳಿದು ಹೆಪ್ಪುಗಟ್ಟಿದಾಗ ನೂರಕ್ಕ ಸುಮಾರು 9 ಪಾಲು ಹಿಗ್ಗಿ ಡಾಂಬರು ಎಬ್ಬಿಸೋದಕ್ಕ, ಮುಂದ ಕರಗಿದಾಗ ಕೆಳಗ ಟೊಳ್ಳಾಗಿ ಗಾಡಿ ಭಾರಕ್ಕ ಕುಸಿಯೋದಕ್ಕ. ನಮ್ಮ ಕಡಿ ಅದೇ ಕೆಲಸ ಎರಿ ಮಣ್ಣು ಮಾಡ್ತದ. ಮಳಿಗಾಲಕ್ಕ ಉಬ್ಬತದ, ಬ್ಯಾಸಿಗಿ 43-44 ಡಿಗ್ರಿಗಿ ಬಾಯಿ ಬಿಡ್ತದ, ಮ್ಯಾಲಿನ ರಸ್ತೆ, ಗಟಾರದ ಗೋಡಿ ಎರಡೂ ಜಗ್ಗತಾವ. ಎರಡೂ ಕಡಿ ವೈರಿ ನೀರೇ, ಎರಡೂ ಕಡಿ ಮದ್ದು ನೀರು ರಸ್ತೆ ಬುಡಕ್ಕ ಇಳಿಯದಂಗ ನೋಡ್ಕೊಳ್ಳೋದೇ. ಬಾಜೂಕ ಚಲೋ ಗಟಾರ ಇಲ್ಲದ ರಸ್ತೆಗಿ ಎಷ್ಟು ಸಲ ಡಾಂಬರು ಹಾಕಿದ್ರೂ ರೊಕ್ಕ ಮಣ್ಣು ಪಾಲು.

ಅಲ್ಲಿ ನಳದ ನೀರು ಹೆಪ್ಪುಗಟ್ಟಂಗಿಲ್ಲಾ?
(ಗೃಹಿಣಿ, ಶಹಾಪುರ)

ಊರಿನ ದೊಡ್ಡ ಪೈಪು ಭಾಳ ಥಂಡಿ ಇರೋ ಕಡಿ ಏಳೆಂಟು ಅಡಿ ಆಳಕ್ಕ ಹಾಕಿರ್ತಾರ ತಾಯಿ, ನೆಲದ ಹೆಪ್ಪು ಅಲ್ಲಿ ತನ ಇಳಿಯೋದು ಕಡಿಮಿ. ಮನಿಯೊಳಗ ಹೊರಗೋಡಿಗಿ ಹತ್ತಿದ ಪೈಪಿಗೇ ತ್ರಾಸ. ಕಡು ಚಳಿ ರಾತ್ರಿ ನಳ ಸಣ್ಣಗಿ ದಾರದಂಗ ಬಿಟ್ಟಿಡ್ತಾರ, ಸಿಂಕಿನ ಕೆಳಗಿನ ಕಪಾಟು ತೆರೆದಿಡ್ತಾರ. ಊರು ಬಿಟ್ಟು ಬರೋದಿದ್ರ ಮೇನ್ ವಾಲ್ವ್ ಬಂದ್ ಮಾಡಿ ಬರಲಿ.

ನಮ್ಮೂರಾಗ ಬರ್ಫ ಇಲ್ಲ, ಆದ್ರ ಒಂದ್ ಜೋರು ಮಳಿ ಬಂದ್ರ ಓಣಿ ಕೆರಿ ಆಗ್ತದ. ಅಲ್ಲಿಯಂಗ ಇಲ್ಲಿ ಯಾಕ ಆಗಂಗಿಲ್ಲ? ನಾವು ಏನು ಕೇಳಬಹುದು, ಯಾರಿಗಿ?
(ಕಿರಾಣಿ ಅಂಗಡಿಯವರು, ಶಹಾಬಜಾರ್, ಕಲಬುರಗಿ)

ಅಣ್ಣೋರ, ಈ ಪತ್ರ ಬಂದದ್ದು ನನಗ ಖುಷಿ ಆಯ್ತು, ಯಾಕಂದ್ರ ಬರ್ಫದ ಮಾತು ನಮಗ ಉಪಯೋಗ ಆಗೋದು ಇಲ್ಲೇ. ಅವರು ಶ್ರೀಮಂತರು, ಸಣ್ಣ ಊರು, ಅದಕ್ಕ ಆಗ್ತದ ಅಂತ ಜನ ಅಂತಾರ. ಜಪಾನಿನ ಸಪ್ಪೊರೊ ನೋಡ್ರಿ, ಸುಮಾರು 20 ಲಕ್ಷ ಜನ ಇರೋ ಊರು, ಒಂದ್ ಚಳಿಗಾಲಕ್ಕ ಎಲ್ಲ ಸೇರಿ ಐದು ಮೀಟರ್ ಹತ್ತಿರ ಬರ್ಫ ಬೀಳ್ತದ, ಊರು ನಡೀತದ. ರೊಕ್ಕ ಬೇಕು ಖರೆ. ಆದ್ರ ಬರ್ಫ ಯಾವ ತಿಂಗಳಿಗಿ ಬರ್ತದ ಅಂತ ಅವರಿಗಿ ಗೊತ್ತಿದ್ದಂಗ ಮಳಿ ಜೂನಿಗಿ ಬರ್ತದ ಅಂತ ನಮಗೂ ಗೊತ್ತದ. ಅವರು ಬ್ಯಾಸಿಗಿದಾಗೇ ಉಪ್ಪು ಕೊಂಡು ರಾಶಿ ಹಾಕಿರ್ತಾರ. ನಮ್ಮ ಕಡಿ ಎಷ್ಟೋ ಊರಾಗ ಗಟಾರದ ಹೂಳು ತೆಗೆಯೋದು ಮದ್ಲನೇ ಮಳಿ ಬಿದ್ದ ಮ್ಯಾಲ, ತೆಗೆದ ಹೂಳು ಗಟಾರದ ದಂಡಿಗೇ ಬಿಟ್ಟು ಹೋಗ್ತಾರ, ಮರುದಿನ ಮಳಿಗಿ ಅದು ತಿರುಗಿ ಒಳಗ. ಮಾಂಟ್ರಿಯಲ್‌ನವರು ಬರ್ಫ ಲಾರಿಗಿ ತುಂಬತಾರ ಅಂತ ಅದಕ್ಕೇ ಹೇಳಿದ್ದು. ತೆಗೆದದ್ದು ಅವತ್ತೇ ಒಯ್ಯಬೇಕು.

ಕೇಳೋದು ಏನು ಅಂದ್ರ, ಮೇ ತಿಂಗಳ ಮುಗಿಯೋ ಮುಂಚೆ ನಿಮ್ಮ ವಾರ್ಡಿನ ಯಾವ ಯಾವ ಗಟಾರ, ಯಾವ ನಾಲಾ ತೆಗೀತೀರಿ, ಯಾವ ತಾರೀಕಿಗಿ, ಹೂಳು ಎಲ್ಲಿ ಒಯ್ತೀರಿ, ಪಟ್ಟಿ ಕೊಡ್ರಿ ಅಂತ ಕೇಳ್ರಿ. ಒಂದ್ ಸಲ ತೆಗೆದ್ರ ಸಾಲಂಗಿಲ್ಲ, ನಮ್ಮ ಕಡಿ ದೊಡ್ಡ ಮಳಿ ಸೆಪ್ಟೆಂಬರಿಗೂ ಬರ್ತದ, 2020ರ ಅಕ್ಟೋಬರಿನ ಭೀಮಾ ಪ್ರವಾಹ ಮರೀಲಿಕ್ಕ ಆಗ್ತದೇನ್ರಿ, ಅದಕ್ಕ ಆಗಸ್ಟಿನ್ಯಾಗ ಮತ್ತೊಂದ್ ಸುತ್ತು ಬೇಕು. ಕಲಬುರಗಿ ಮಹಾನಗರ ಪಾಲಿಕೆದಾಗ 55 ವಾರ್ಡ್ ಅವ. ಒಂದೊಂದು ವಾರ್ಡಿನ ಪಟ್ಟಿ ಒಂದೊಂದು ಹಾಳಿ, ಅದನ್ನ ಪಾಲಿಕೆ ಆಫೀಸು, ಅಂಗನವಾಡಿ, ರೇಷನ್ ಅಂಗಡಿ ಗೋಡಿಗಿ ಹಚ್ಚಿದ್ರ ಖರ್ಚೇನೂ ಬರಂಗಿಲ್ಲ. ರಸ್ತೆ, ಗಟಾರ ಸ್ವಚ್ಛ ಇಡೋದು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಪ್ರಕಾರ ಪಾಲಿಕೆ ಮಾಡಲೇಬೇಕಾದ ಕೆಲಸ, ಉಪಕಾರ ಅಲ್ಲ, ಹಂಗಾಗಿ ಅಂಜದ ಕೇಳ್ರಿ. ಮದ್ಲು ಕಾರ್ಪೊರೇಟರಿಗಿ, ಝೋನಲ್ ಆಫೀಸಿಗಿ ಬರೆದು ಕೊಟ್ಟು ಸ್ವೀಕೃತಿ ಸಹಿ ತೊಗೋರಿ, ದೂರು ಕೊಡೋ ಜನಹಿತ ಆ್ಯಪಿನ್ಯಾಗ ಫೋಟೋ ಸಮೇತ ಹಾಕ್ರಿ. ಆಗಲಿಲ್ಲಂದ್ರ ಮಾಹಿತಿ ಹಕ್ಕು ಅದ. 10 ರೂಪಾಯಿ ಫೀ, 30 ದಿನದಾಗ ಉತ್ತರ, ನಮ್ಮ ರಾಜ್ಯದಾಗ ಅರ್ಜಿ 150 ಶಬ್ದದೊಳಗ ಒಂದೇ ವಿಷಯಕ್ಕ ಇರಬೇಕು. "ನಮ್ಮ ವಾರ್ಡಿನ ಹೂಳೆತ್ತೋ ಕೆಲಸದ ವರ್ಕ್ ಆರ್ಡರ್ ಮತ್ತು ಬಿಲ್ಲಿನ ಪ್ರತಿ ಕೊಡಿ" ಅಂತ ಇಷ್ಟೇ ಬರೀರಿ, ಉದ್ದ ಬ್ಯಾಡ.

ನಮ್ಮ ಪಾಲಿನ ಕೆಲಸಾನೂ ಅದ ಅಣ್ಣೋರ. ಅಲ್ಲಿ ಮನಿಯವರು ಫುಟ್‌ಪಾತ್ ತೆಗೀತಾರ, ಇಲ್ಲಿ ನಾವು ಗಟಾರದ ಮ್ಯಾಲ ಪರಸಿ ಹಾಸಿ ಸಿಮೆಂಟಿಲೆ ಗಟ್ಟಿ ಮಾಡಿಬಿಟ್ರ ಹೂಳು ತೆಗೆಯೋರು ಕೈ ಎಲ್ಲಿ ಹಾಕಬೇಕು? ಎತ್ತಲಿಕ್ಕ ಬರೋ ಹಂಗ ಸಣ್ಣ ಪರಸಿ ಹಾಕ್ರಿ. ಅಂಗಡಿ ಪ್ಲಾಸ್ಟಿಕ್ ಕಸದ ಗಾಡಿಗೇ ಹೋಗಲಿ.

ಇನ್ನೊಂದ್ ಮಾತು, ಇದನ್ನ ನಾ ಕೈಮುಗಿದು ಹೇಳ್ತೀನಿ. ಮ್ಯಾನ್‌ಹೋಲ್ ತುಂಬಿತು ಅಂತ ಯಾರನ್ನೋ ಕರೆದು ರೊಕ್ಕ ಕೊಟ್ಟು ಒಳಗ ಇಳಿಸಬ್ಯಾಡ್ರಿ. ಒಳಗಿನ ಗ್ಯಾಸಿಗಿ ಒಂದ್ ಉಸಿರಿನ್ಯಾಗ ಜೀವ ಹೋಗ್ತದ. ಮಲ ಹೊರೋ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಸುರಕ್ಷತಾ ಸಾಧನ ಇಲ್ಲದ ಮನುಷ್ಯನ್ನ ಇಳಿಸೋದು ಅಪರಾಧ, ಖಾಸಗಿಯವರು ಇಳಿಸಿದ್ರೂ ಅಪರಾಧ. ಒಳಗ ಸತ್ತವರ ಮನಿಯವರಿಗಿ 30 ಲಕ್ಷ ಪರಿಹಾರ ಕೊಡಬೇಕು ಅಂತ 2023ರ ಅಕ್ಟೋಬರಿನ್ಯಾಗ ಸುಪ್ರೀಂ ಕೋರ್ಟ್ ಹೇಳ್ಯದ. ಜೋರಿಲೆ ನೀರು ಬಿಟ್ಟು ತೆಗೆಯೋ ಜೆಟ್ಟಿಂಗ್ ಮಷಿನ್ ಬರೋ ತನ ಒಂದ್ ದಿನ ನಾತ ತಡಕೊಳ್ಳೋದು ದೊಡ್ಡದಲ್ಲ.

ನನಗ 64 ವರ್ಷ, ಬಿಪಿ ಅದ. ಡಿಸೆಂಬರಿಗಿ ಮಗನ ಕಡಿ ಕೆನಡಾಕ್ಕ ಹೊಂಟೀನಿ. ಹೊಲದಾಗ ದುಡದ ಮೈ ನಂದು, ಮಗ ಆಫೀಸಿಗಿ ಹೋದಾಗ ಬರ್ಫ ನಾನೇ ತೆಗದ್ರ ಏನಾಗ್ತದ?
(ರೈತರು, ಆಳಂದ)

ಕಾಕಾ, ಬ್ಯಾಡ್ರಿ. ಥಂಡಿಗಿ ರಕ್ತನಾಳ ಬಿಗೀತಾವ, ಬಿಪಿ ಏರ್ತದ, ಅದರ ಮ್ಯಾಲ ತೊಯ್ದ ಬರ್ಫ ಎತ್ತೋದು ಭಾರೀ ಕೆಲಸ, ಒಮ್ಮೆಲೇ ಗುಂಡಿಗಿ ಮ್ಯಾಲ ಒತ್ತಡ ಬೀಳ್ತದ. ಪ್ರತಿ ಚಳಿಗಾಲದಾಗ ಬರ್ಫ ತೆಗೆಯೋವಾಗ ಹಾರ್ಟ್ ಅಟ್ಯಾಕ್ ಆಗೋದು ಅಲ್ಲಿ ಡಾಕ್ಟರಿಗಿ ಗೊತ್ತಿದ್ದ ಮಾತೇ. ಕೆಲವು ಊರಾಗ ವಯಸ್ಸಾದವರ ಮನಿ ಮುಂದಿಂದು ತೆಗೆದು ಕೊಡೋ ಸೇವಾ ಸಿಟಿದೇ ಇರ್ತದ, ಮಗನಿಗಿ ವಿಚಾರಿಸಲಿಕ್ಕ ಹೇಳ್ರಿ. ಹೋಗೋ ಮುಂಚೆ ಡಾಕ್ಟರಿಗಿ ತೋರಿಸಿ, ಬಿಪಿ ಗುಳಿಗಿ ಚೀಟಿ ಸಮೇತ ಅಲ್ಲಿರೋ ಅಷ್ಟೂ ದಿನಕ್ಕ ಸಾಲೂವಷ್ಟು ಒಯ್ರಿ, ತಳ ಜಾರದ ಬೂಟು ಅಲ್ಲಿ ಹೋದ ಮ್ಯಾಲೇ ಕೊಳ್ರಿ, ಇಲ್ಲಿ ಸಿಗೋ ಬೂಟು ಬರ್ಫಕ್ಕ ನಿಲ್ಲಂಗಿಲ್ಲ.