ಐದು ಅಡಿ ಆರು ಇಂಚು 168 ಸೆಂಟಿಮೀಟರ್ ಆಗುತ್ತದೆಯೇ?

ಪ್ರಶ್ನೆ: ನನಗೆ 22 ವರ್ಷ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದೇನೆ. ಪುರುಷರಿಗೆ ಕನಿಷ್ಠ ಎತ್ತರ 168 ಸೆಂ.ಮೀ. ಎಂದು ಅಧಿಸೂಚನೆಯಲ್ಲಿದೆ. ಊರಿನ ದರ್ಜಿಯೊಬ್ಬರು ಟೇಪು ಹಿಡಿದು ಅಳೆದು ಐದು ಅಡಿ ಆರು ಇಂಚು ಎಂದರು. ಮೊಬೈಲಿನಲ್ಲಿ 5.6 ಅಡಿ ಎಂದು ಹಾಕಿದರೆ 170.69 ಸೆಂ.ಮೀ. ಬರುತ್ತದೆ. ಗೆಳೆಯ ಲೆಕ್ಕ ಹಾಕಿ 167.64 ಎನ್ನುತ್ತಾನೆ. ಯಾವುದು ಸರಿ? ನಾನು ಅರ್ಜಿ ಹಾಕಬಹುದೇ?
– ಹಾವೇರಿ ಜಿಲ್ಲೆಯ ಓದುಗ

ಉತ್ತರ: ಗೆಳೆಯನ ಲೆಕ್ಕ ಸರಿ. ಮೊಬೈಲ್ ಕೂಡ ತಪ್ಪು ಹೇಳಿಲ್ಲ, ಆದರೆ ನೀವು ಅದಕ್ಕೆ ಕೊಟ್ಟದ್ದು ನಿಮ್ಮ ಎತ್ತರವನ್ನಲ್ಲ. ಬಿಂದುವಿನ ಬಲಕ್ಕೆ ಬರೆದ ಅಂಕಿ ಹತ್ತನೆಯ ಪಾಲನ್ನು ಸೂಚಿಸುತ್ತದೆ. ಅಡಿಯಲ್ಲಿರುವುದು ಹನ್ನೆರಡು ಇಂಚು. ಹಾಗಾಗಿ 5.6 ಅಡಿ ಎಂದರೆ ಐದು ಅಡಿ 7.2 ಇಂಚು. ನಿಮ್ಮ ಆರು ಇಂಚು ಅರ್ಧ ಅಡಿ, ಅಂದರೆ ಬರೆಯಬೇಕಾದದ್ದು 5.5. ಈ ಒಂದು ಬಿಂದು ನಿಮ್ಮನ್ನು ಮೂರು ಸೆಂಟಿಮೀಟರ್ ಎತ್ತರಿಸಿ ತೋರಿಸಿದೆ.

ಎಡವದೆ ಲೆಕ್ಕ ಮಾಡಲು ಮೊದಲು ಎಲ್ಲವನ್ನೂ ಇಂಚಿಗೆ ತನ್ನಿ. ಐದು ಅಡಿಗೆ 60 ಇಂಚು, ಮೇಲೆ 6, ಒಟ್ಟು 66. ಅದನ್ನು 2.54ರಿಂದ ಗುಣಿಸಿದರೆ 167.64. ಐದು ಅಡಿಗೆ 152.4 ಸೆಂ.ಮೀ. ಎಂಬುದೊಂದನ್ನು ನೆನಪಿಟ್ಟುಕೊಂಡರೆ ಇನ್ನೂ ಸುಲಭ. ಅದರ ಮೇಲಿನ ಪ್ರತಿ ಇಂಚಿಗೂ 2.54 ಕೂಡಿಸುತ್ತ ಹೋಗಬಹುದು.

ಹಾಗಾದರೆ 0.36 ಸೆಂ.ಮೀ. ಕಡಿಮೆಯಾಯಿತು, ಆಸೆ ಬಿಡಬೇಕೇ? ದಯವಿಟ್ಟು ಅಷ್ಟು ಬೇಗ ಬಿಡಬೇಡಿ. ದರ್ಜಿ ಹೇಳಿದ ಆರು ಇಂಚು ಹತ್ತಿರದ ಇಂಚಿಗೆ ಹೇಳಿದ ಮಾತು. ಐದು ಅಡಿ ಐದೂವರೆ ಇಂಚಿನಿಂದ ಆರೂವರೆ ಇಂಚಿನವರೆಗೆ ಇರುವ ಯಾರನ್ನಾದರೂ ಹಾಗೆ ಅಳೆದರೆ ಬಾಯಲ್ಲಿ ಬರುವುದು ಆರೇ. ಸೆಂಟಿಮೀಟರಿನಲ್ಲಿ ಅದು 166.37ರಿಂದ 168.91ರವರೆಗಿನ ಹರವು. ನಿಮಗೆ ಬೇಕಾದ 168 ಅದರೊಳಗೇ ಇದೆ. ಅರ್ಧ ಇಂಚಿನ ಅನುಮಾನವಿರುವ ಅಳತೆಯನ್ನು ಎರಡು ದಶಮಾಂಶ ಸ್ಥಾನಗಳವರೆಗೆ ಪರಿವರ್ತಿಸಿದರೆ ಅನುಮಾನ ಕರಗುವುದಿಲ್ಲ. 167.64ರ ಕೊನೆಯ ಆ ಎರಡು ಅಂಕಿಗಳು ಗುಣಾಕಾರದಿಂದ ಬಂದವು, ನಿಮ್ಮ ಮೈಯಿಂದ ಬಂದವಲ್ಲ.

ದರ್ಜಿಯ ಟೇಪಿಗೂ ಒಂದು ಮಿತಿಯಿದೆ. ಅದರ ಉದ್ದ ಸಾಮಾನ್ಯವಾಗಿ 60 ಇಂಚು. ಐದು ಅಡಿಗಿಂತ ಎತ್ತರದವರನ್ನು ಅಳೆಯಲು ಅಲ್ಲೊಂದು ಗುರುತು ಹಾಕಿ, ಟೇಪನ್ನು ಮತ್ತೆ ಇಡಬೇಕು. ಗುರುತು ಅರ್ಧ ಬೆರಳು ಸರಿದರೂ ನಿಮ್ಮ ಫಲಿತಾಂಶ ಬದಲಾಗುತ್ತದೆ. ಹಳೆಯ ಟೇಪುಗಳು ಎಳೆದೆಳೆದು ಹಿಗ್ಗಿರುವುದೂ ಉಂಟು. ಅಂಗಿ ಹೊಲಿಯಲು ಅದು ಸಾಕು, ನೇಮಕಾತಿಗೆ ಸಾಲದು.

ಆದ್ದರಿಂದ ಪರಿವರ್ತನೆಯನ್ನೇ ಬಿಟ್ಟು ನೇರವಾಗಿ ಸೆಂಟಿಮೀಟರಿನಲ್ಲಿ ಅಳೆಸಿಕೊಳ್ಳಿ. ಎತ್ತರ ಅಳೆಯುವ ಕಂಬ ಹತ್ತಿರದ ಆಸ್ಪತ್ರೆಯಲ್ಲೋ ಆರೋಗ್ಯ ಕೇಂದ್ರದಲ್ಲೋ ಇದ್ದರೆ ಅದೇ ಒಳ್ಳೆಯದು. ಮನೆಯಲ್ಲಾದರೆ ಸಮತಟ್ಟಾದ ನೆಲ, ನೇರವಾದ ಗೋಡೆ, ಕಬ್ಬಿಣದ ಟೇಪು ಬೇಕು. ಬರಿಗಾಲಲ್ಲಿ ನಿಂತು ಹಿಮ್ಮಡಿ, ಪೃಷ್ಠ, ಬೆನ್ನಿನ ಮೇಲ್ಭಾಗ ಗೋಡೆಗೆ ತಾಗಿಸಿ. ಗಲ್ಲ ಎತ್ತಬೇಡಿ: ಕಣ್ಣುಗುಳಿಯ ಕೆಳ ಅಂಚು ಮತ್ತು ಕಿವಿಯ ರಂಧ್ರ ನೆಲಕ್ಕೆ ಸಮಾನಾಂತರವಾಗಿ ಒಂದೇ ರೇಖೆಯಲ್ಲಿರಬೇಕು. ಬೇರೆಯವರು ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಗೋಡೆಗೆ ಲಂಬವಾಗಿ ಒತ್ತಿ, ಕೂದಲನ್ನು ಅದುಮುವಂತೆ ನಿಮ್ಮ ತಲೆಯ ಮೇಲೆ ಇಳಿಸಿ ಪೆನ್ಸಿಲ್ ಗುರುತು ಹಾಕಲಿ. ನೆಲದಿಂದ ಆ ಗುರುತಿನವರೆಗೆ ಅಳೆಯಿರಿ. ಮೂರು ಸಲ ಅಳೆದು ಮೂರನ್ನೂ ಬರೆದಿಡಿ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆಯುವುದು ಮುಖ್ಯ. ಬೆನ್ನುಮೂಳೆಯ ಮಣಿಗಳ ನಡುವೆ ನೀರಿನಂಶ ತುಂಬಿದ ಮೆತ್ತೆಗಳಿವೆ. ದಿನವಿಡೀ ಮೈಭಾರ ಹೊತ್ತು ಅವು ಅದುಮಿಕೊಳ್ಳುತ್ತವೆ, ರಾತ್ರಿ ಮಲಗಿದಾಗ ಮತ್ತೆ ಉಬ್ಬುತ್ತವೆ. ಇದರಿಂದ ಬೆಳಗಿನ ಎತ್ತರಕ್ಕೂ ಸಂಜೆಯದಕ್ಕೂ ಸುಮಾರು ಒಂದು ಸೆಂಟಿಮೀಟರ್, ಕೆಲವರಲ್ಲಿ ಅದಕ್ಕೂ ಹೆಚ್ಚು ವ್ಯತ್ಯಾಸ ಬರುತ್ತದೆ. ಸಂಜೆ ಅಳೆದಾಗಲೂ 168 ಮುಟ್ಟಿದರೆ ನಿಶ್ಚಿಂತೆಯಿಂದ ಅರ್ಜಿ ಹಾಕಿ. ಬೆಳಿಗ್ಗೆ ಮಾತ್ರ ಮುಟ್ಟಿದರೆ ನೀವು ಅಂಚಿನಲ್ಲಿದ್ದೀರಿ. ಆಗ ಅಳತೆಯ ಭಿನ್ನಾಂಕವನ್ನು ಹೇಗೆ ಪರಿಗಣಿಸುತ್ತಾರೆ ಎಂಬುದನ್ನು ಅಧಿಸೂಚನೆಯಲ್ಲೇ ಓದಿ ತಿಳಿಯಿರಿ. 167.64 ಅನ್ನು 168 ಎಂದೇ ತೆಗೆದುಕೊಳ್ಳುತ್ತಾರೆ ಎಂದು ಬೇರೆಯವರು ಹೇಳಿದ್ದನ್ನು ನಂಬಿ ಕೂರಬೇಡಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಲೇಬೇಕು. ಎತ್ತರ ಹೆಚ್ಚಿಸುತ್ತೇವೆ ಎನ್ನುವ ಪುಡಿ, ಮಾತ್ರೆಗಳಿಗೆ ಹಣ ಸುರಿಯಬೇಡಿ. 22ರ ವಯಸ್ಸಿಗೆ ಕಾಲಿನ ಉದ್ದ ಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಭಾಗ ಸಾಮಾನ್ಯವಾಗಿ ಗಟ್ಟಿಯಾಗಿ ಮುಚ್ಚಿಕೊಂಡಿರುತ್ತದೆ. ಅದನ್ನು ಯಾವ ಪುಡಿಯೂ ತೆರೆಯಲಾರದು.

ಪ್ರಶ್ನೆ: ನನ್ನ ಯಜಮಾನರ ತೂಕ 72 ಕೆ.ಜಿ., ಎತ್ತರ ಐದು ಅಡಿ ಒಂಬತ್ತು ಇಂಚು. ಮೊಬೈಲ್ ಆ್ಯಪ್ ಪ್ರಕಾರ ಅವರ ಬಿಎಂಐ 22.3. ವೈದ್ಯರು 23.4 ಎಂದು ಬರೆದು ತೂಕ ಇಳಿಸಲು ಹೇಳಿದ್ದಾರೆ. ಇಷ್ಟು ವ್ಯತ್ಯಾಸ ಹೇಗೆ ಬಂತು?
– ಮೈಸೂರಿನ ಓದುಗರು

ಉತ್ತರ: ಇಲ್ಲಿಯೂ ಬಿಂದುವೇ ಕಾರಣ. ಆ್ಯಪ್‌ನಲ್ಲಿ 5.9 ಎಂದು ಒತ್ತಿದ್ದೀರಿ ಎಂದು ಕಾಣುತ್ತದೆ. 5.9 ಅಡಿಗೆ 179.8 ಸೆಂ.ಮೀ., ಐದು ಅಡಿ ಒಂಬತ್ತು ಇಂಚಿಗೆ 175.26. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬಿಎಂಐ ಸಿಗುತ್ತದೆ. ವರ್ಗ ಮಾಡುವುದರಿಂದ ಎತ್ತರದ ತಪ್ಪು ಸರಿಸುಮಾರು ಇಮ್ಮಡಿಯಾಗುತ್ತದೆ. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕವೆಂದು ವೈದ್ಯರು ಪರಿಗಣಿಸುತ್ತಾರೆ. ಒಂದು ತಪ್ಪು ಬಿಂದು ಅವರನ್ನು ಆ ಗೆರೆಯ ಈಚೆಗೆ ತಂದು ನಿಲ್ಲಿಸಿದೆ. ವೈದ್ಯರ ಮಾತನ್ನೇ ಕೇಳಿ.

ಹತ್ತು ಇಂಚಿನವರಿಗಂತೂ ಈ ಬಿಂದು ಇನ್ನೂ ಕೆಟ್ಟದ್ದು. ಐದು ಅಡಿ ಹತ್ತು ಇಂಚನ್ನು 5.10 ಎಂದು ಬರೆದರೆ ಕಂಪ್ಯೂಟರಿಗೆ ಅದು 5.1. 177.8 ಸೆಂ.ಮೀ. ಎತ್ತರದ ಹುಡುಗ 155ಕ್ಕೆ ಇಳಿಯುತ್ತಾನೆ. ಮದುವೆಯ ಬಯೋಡೇಟಾಗಳಲ್ಲಿ ಇದನ್ನು ಈಗಲೂ ಕಾಣುತ್ತೇನೆ. ಅಡಿ, ಇಂಚು ಎಂಬ ಪದಗಳನ್ನು ಬಿಡಿಸಿ ಬರೆಯಲು ಖರ್ಚೇನೂ ಇಲ್ಲ. ನಮ್ಮ ದೇಶ ಮೆಟ್ರಿಕ್ ಅಳತೆಗೆ ಕಾನೂನು ಮಾಡಿದ್ದು 1956ರಲ್ಲಿ. ಆದರೂ ಬೆಂಗಳೂರಿನಲ್ಲಿ ನಿವೇಶನ ಇಂದಿಗೂ 30×40 ಅಡಿ, ಜನರ ಎತ್ತರವೂ ಅಡಿಯಲ್ಲೇ. ಆಡುಮಾತಿನಲ್ಲಿ ಅದು ಇರಲಿ. ಆಸ್ಪತ್ರೆಯ ಚೀಟಿ, ಅರ್ಜಿ ನಮೂನೆಗಳಲ್ಲಿ ಸೆಂಟಿಮೀಟರ್ ಇರಲಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಚಾಲನಾ ಪರವಾನಗಿ ಅರ್ಜಿಯಲ್ಲಿ ಎತ್ತರವನ್ನು ಅಡಿ, ಇಂಚಿನಲ್ಲಿ ತುಂಬಬೇಕು. ಅವಳ ಎತ್ತರ 163 ಸೆಂ.ಮೀ. ಭಾಗಿಸಿದರೆ 5.35 ಬರುತ್ತದೆ. ಐದು ಅಡಿ ಮೂರೂವರೆ ಇಂಚು ಎನ್ನಬಹುದೇ?
– ಶಿವಮೊಗ್ಗದ ಓದುಗರು

ಉತ್ತರ: ಬೇಡ. 163 ಅನ್ನು 2.54ರಿಂದ ಭಾಗಿಸಿ: 64.17 ಇಂಚು. ಅದರಲ್ಲಿ 60 ತೆಗೆದರೆ ಐದು ಅಡಿ, ಉಳಿದದ್ದು ನಾಲ್ಕು ಇಂಚು ಚಿಲ್ಲರೆ. ಐದು ಅಡಿ ನಾಲ್ಕು ಇಂಚು ಎಂದು ಬರೆಯಲಿ. ಮುಂದೆ ಸೆಂಟಿಮೀಟರ್ ಕೇಳಿದಾಗ ಇದನ್ನೇ ತಿರುಗಿಸಿ 162.56 ಎಂದು ಬರೆಯದಿರಲಿ. ಮೂಲದ 163 ಅವಳ ಬಳಿ ಇದ್ದೇ ಇದೆ.

ಪ್ರಶ್ನೆ: 2.54 ಎಂಬುದು ನಿಖರವೇ, ಅಂದಾಜೇ?
– ಬಳ್ಳಾರಿಯ ವಿದ್ಯಾರ್ಥಿನಿ

ಉತ್ತರ: ಪೂರ್ತಿ ನಿಖರ. ಹಿಂದೆ ಬ್ರಿಟನ್ನಿನ ಇಂಚು ಮತ್ತು ಅಮೆರಿಕದ ಇಂಚು ಕೂದಲೆಳೆಯಷ್ಟು ಬೇರೆಯಾಗಿದ್ದವು. ಅಮೆರಿಕದ್ದು 2.540005 ಸೆಂಟಿಮೀಟರಿನಷ್ಟಿತ್ತು, ಬ್ರಿಟನ್ನಿನದು 2.54ಕ್ಕಿಂತ ತುಸು ಕಡಿಮೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಒಪ್ಪಂದ ಮಾಡಿಕೊಂಡು 1959ರಲ್ಲಿ ಒಂದು ಗಜವನ್ನು 0.9144 ಮೀಟರ್ ಎಂದು ನಿಗದಿ ಮಾಡಿದವು. ಅದನ್ನು 36ರಿಂದ ಭಾಗಿಸಿ ನೋಡಿ, 2.54 ಸೆಂಟಿಮೀಟರ್ ಬರುತ್ತದೆ, ಶೇಷವೇನೂ ಉಳಿಯುವುದಿಲ್ಲ.