‘ಒಲ್ಲದವನು’ ಎಂಬ ಒಂದು ಪದ

ಜೀವ ಹಿಂಡುವ ಕೆಲಸ ಬಿಟ್ಟು, ಬೇರೆ ಕೆಲಸ ಸಿಗದೆ ಕೂತಿರುವ ಕ್ರೈಸ್ತ ವಿಶ್ವಾಸಿಗಳು ಆಪ್ತಸಲಹೆಗೆಂದು ನನ್ನ ಬಳಿ ಮತ್ತೆ ಮತ್ತೆ ಬರುತ್ತಾರೆ. ದುಡ್ಡಿನ ಚಿಂತೆ ಎಲ್ಲರಿಗೂ ಇರುತ್ತದೆ. ಆದರೆ ಇವರಲ್ಲಿ ಅದಕ್ಕಿಂತ ಆಳವಾದ ಒಂದು ಭಯ ಇರುತ್ತದೆ: ‘ದೇವರ ಚಿತ್ತ ಮೀರಿ ಎದ್ದು ಬಂದುಬಿಟ್ಟೆನಾ?’ ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಹೆಣ್ಣುಮಗಳ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರ ಬಿಟ್ಟಿದ್ದೇನೆ.

ಆರು ವರ್ಷದ ಕೆಲಸ. ಕೊನೆಯ ಎರಡು ವರ್ಷ ಮೇಲಧಿಕಾರಿಯ ಬೈಗುಳ, ಎಲ್ಲರೆದುರು ಅವಮಾನ, ನಡುರಾತ್ರಿ ಫೋನು. ಒಂದು ದಿನ ಆಫೀಸಿನ ಮೆಟ್ಟಿಲು ಹತ್ತಲು ಕಾಲೇ ಬರಲಿಲ್ಲವಂತೆ. ಆ ವಾರವೇ ರಾಜೀನಾಮೆ ಕೊಟ್ಟರು. ನನ್ನ ಬಳಿ ಬಂದಾಗ ಐದು ತಿಂಗಳಾಗಿತ್ತು. ಮೊದಲ ಎರಡು ಭೇಟಿಯಲ್ಲಿ ಹೆಚ್ಚೇನೂ ಮಾತಾಡಲಿಲ್ಲ. ಮೇಜಿನ ಮೇಲೆ ಮಗುಚಿ ಇಟ್ಟಿದ್ದ ಅವರ ಫೋನು ಒಮ್ಮೆ ಗುರ್ ಎಂದಾಗ ಭುಜ ಎರಡೂ ಕಿವಿವರೆಗೆ ಎದ್ದವು. ಅದು ಯಾವುದೋ ಜಾಹೀರಾತಿನ ಮೆಸೇಜು, ಅಷ್ಟೇ.

ಮೂರನೇ ಭೇಟಿಯಲ್ಲಿ ಕೇಳಿದೆ: "ಊಟ ಸರಿಯಾಗಿ ಮಾಡ್ತಿದ್ದೀರಾ?"

"ಮಧ್ಯಾಹ್ನದ್ದು ಬಿಟ್ಟಿದ್ದೀನಿ ಮೇಡಂ."

"ಹಸಿವಾಗಲ್ವಾ?"

"ಆಗತ್ತೆ. ಆದ್ರೆ ದುಡೀದೆ ಹೇಗೆ ತಿನ್ನಲಿ? ವಾಕ್ಯದಲ್ಲೇ ಇದೆಯಲ್ಲ."

ಸಭೆಯ (ಚರ್ಚಿನ) ಒಬ್ಬ ಹಿರಿಯರು ಮನೆಗೆ ಬಂದಾಗ, ದುಡಿಯದವನು ಊಟ ಮಾಡಬಾರದು ಎಂಬರ್ಥದ ಅಪೊಸ್ತಲ ಪೌಲನ ಮಾತು ನೆನಪಿಸಿದ್ದರಂತೆ. ಬೈಯಲು ಹೇಳಿದ್ದಲ್ಲ, ಹುರುಪು ತುಂಬಲು ಹೇಳಿದ್ದು. ಇವರು ಅದನ್ನು ತಟ್ಟೆಯವರೆಗೂ ಕೊಂಡೊಯ್ದಿದ್ದರು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನ್ನ ಕೋಣೆಯಲ್ಲಿ ಸತ್ಯವೇದವನ್ನು, ಅಂದರೆ ಬೈಬಲನ್ನು, ನಾನಾಗಿ ತೆರೆಯುವುದಿಲ್ಲ. ಆಪ್ತಸಲಹೆಯಲ್ಲಿ ಅದು ಬೇಡವೇ ಬೇಡ ಎನ್ನುವ ಸಹೋದ್ಯೋಗಿಗಳೂ ಇದ್ದಾರೆ. ಆದರೆ ಒಬ್ಬರು ಒಂದು ವಾಕ್ಯಕ್ಕೆ ಹೆದರಿ ಉಪವಾಸ ಕೂತಿದ್ದರೆ, ಆ ವಾಕ್ಯವನ್ನು ಮುಟ್ಟದೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸುವುದು ನನ್ನಿಂದಾಗದು. ಅವರ ಬ್ಯಾಗಿನಲ್ಲೇ ಸತ್ಯವೇದ ಇತ್ತು. ಪೌಲನ ಎರಡನೇ ಥೆಸಲೋನಿಕ ಪತ್ರ, ಮೂರನೇ ಅಧ್ಯಾಯ, ಹತ್ತನೇ ವಾಕ್ಯ. ನಿಧಾನವಾಗಿ, ಜೋರಾಗಿ ಓದಿ ಅಂದೆ.

"ಕೆಲಸ ಮಾಡಲೊಲ್ಲದವನು..." ಅಂತ ಶುರು ಮಾಡಿದರು. "ಅಲ್ಲೇ ನಿಲ್ಲಿಸಿ" ಅಂದೆ. "ಆ ಪದ ಇನ್ನೊಂದು ಸಲ ಓದಿ."

"ಮಾಡಲೊಲ್ಲದವನು."

"ಒಲ್ಲೆ ಅಂದರೆ?"

"ಬೇಡ ಅನ್ನೋದು." ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೆರಳು ಆ ಪದದ ಮೇಲೇ ಇತ್ತು. ಆಮೇಲೆ ಮೆಲ್ಲಗೆ, "ಕೆಲಸ ಸಿಗದವನು ಅಂತಿಲ್ಲ" ಅಂದರು.

"ನೀವು ಎಷ್ಟು ಕಡೆ ಅರ್ಜಿ ಹಾಕಿದ್ದೀರಿ?"

"ನಲವತ್ತಕ್ಕಿಂತ ಜಾಸ್ತಿ." ಅಷ್ಟು ಹೇಳಿ ಅಳಲು ಶುರು ಮಾಡಿದರು. ಉಳಿದ ಸಮಯವೆಲ್ಲ ಅಳುವುದರಲ್ಲೇ ಹೋಯಿತು. ನಾನು ತಡೆಯಲಿಲ್ಲ.

ಏಳುವ ಮುಂಚೆ ಇನ್ನೊಂದು ಕಡೆ ತೋರಿಸಿದೆ. ಮತ್ತಾಯ 20ರಲ್ಲಿ, ಸಂಜೆ ಐದು ಗಂಟೆಯ ಹೊತ್ತಿಗೂ ಪೇಟೆಯಲ್ಲಿ ನಿಂತೇ ಇದ್ದ ಕೂಲಿಯವರ ಕಥೆ. ಸುಮ್ಮನೆ ಯಾಕೆ ನಿಂತಿದ್ದೀರಿ ಎಂದು ಯಜಮಾನ ಕೇಳಿದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಅನ್ನುತ್ತಾರೆ. ಆ ಉತ್ತರಕ್ಕೆ ಯಜಮಾನ ಬೈಯಲಿಲ್ಲ. ದಿನದ ಪೂರ್ತಿ ಕೂಲಿ ಕೊಟ್ಟ.

ನಾನು ಕೊಟ್ಟ ಮೊದಲ ಸಲಹೆ ಊಟದ್ದು. ಮೂರು ಹೊತ್ತು, ಮನೆಯವರ ಜೊತೆ ಕೂತು. ಇದೇನು ಸಲಹೆ ಅನ್ನಿಸಬಹುದು. ಪ್ರವಾದಿ ಎಲೀಯನ ಕಥೆ ನೋಡಿ. ರಾಣಿ ಈಜೆಬೆಲಳಿಗೆ ಹೆದರಿ ಓಡಿ ಬಂದು, ಗಿಡದ ಕೆಳಗೆ ಕೂತು, ಸಾವು ಕೊಡು ಎಂದು ಬೇಡಿದವನು ಅವನು. ದೇವದೂತ ಅವನಿಗೆ ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ತಿನ್ನಿಸಿದ. ದೇವರ ಜೊತೆ ಮಾತುಕತೆ ಆದದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ನಿದ್ದೆಗಾಗಿ ವೈದ್ಯರನ್ನು ಕಾಣಲೂ ಹೇಳಿದೆ. ಕೆಲಸದ ಒತ್ತಡ ಮನುಷ್ಯರನ್ನು ಬಸವಳಿಸುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ತನ್ನ ರೋಗ ವರ್ಗೀಕರಣದ ಪಟ್ಟಿಯಲ್ಲಿ, ರೋಗವೆಂದಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಹೆಸರಿಸಿದೆ. ಫೋನು ಗುರ್ ಎಂದಾಗ ಬೆಚ್ಚುವುದು ನಂಬಿಕೆ ಸಾಲದ್ದಕ್ಕಲ್ಲ.

ಆಮೇಲೆ ಯಾಕೋಬನ ಅಧ್ಯಾಯ ಓದಿಸಿದೆ. ಆದಿಕಾಂಡ 31. ಮಾವ ಲಾಬಾನನ ಬಳಿ 20 ವರ್ಷ ದುಡಿದ. ಲಾಬಾನ ಹತ್ತು ಸಲ ಕೂಲಿ ಬದಲಾಯಿಸಿದ. ಹಗಲು ಬಿಸಿಲು, ರಾತ್ರಿ ಚಳಿ, ಕಣ್ಣಿಗೆ ನಿದ್ದೆಯಿಲ್ಲ. ಹೊರಡು ಎಂದು ದೇವರೇ ಹೇಳಿದರು. ಹೊರಟ ಮೇಲೆ ಯಾಕೋಬ ನಡೆದದ್ದನ್ನೆಲ್ಲ ಲಾಬಾನನ ಮುಂದೆ ಒಂದೊಂದಾಗಿ ಹೇಳಿದ. ನೀವೂ ಹಾಗೆ ಬರೆಯಿರಿ ಅಂದೆ. ಬರೆದದ್ದು ಎಂಟು ಪುಟವಾಯಿತು. ಅದರಿಂದ ಇಬ್ಬರೂ ಸೇರಿ ಎರಡು ವಾಕ್ಯ ತೆಗೆದೆವು, ಸಂದರ್ಶನದಲ್ಲಿ "ಹಿಂದಿನ ಕೆಲಸ ಯಾಕೆ ಬಿಟ್ಟಿರಿ?" ಎಂದಾಗ ತಲೆ ತಗ್ಗಿಸದೆ ಹೇಳಲಿಕ್ಕೆ. ಕೆಲಸ ಹುಡುಕುವುದು ಬೆಳಿಗ್ಗೆ ಎರಡು ಗಂಟೆ ಮಾತ್ರ ಎಂದೂ ಗೆರೆ ಹಾಕಿದೆವು. ದಿನವಿಡೀ ಹುಡುಕಿದರೆ ದಿನವಿಡೀ ತಿರಸ್ಕಾರ ಎಣಿಸುತ್ತಾ ಕೂರುತ್ತೇವೆ.

ಸಹಿಸಿಕೊಂಡು ಇರಬೇಕಿತ್ತು, ಪೇತ್ರನು ಕಠಿಣ ಯಜಮಾನರಿಗೂ ಅಧೀನರಾಗಿರಿ ಎಂದಿದ್ದಾನಲ್ಲ ಎಂದು ನನ್ನನ್ನು ಕೇಳಿದವರಿದ್ದಾರೆ. ಆ ಮಾತು ಬಿಟ್ಟುಹೋಗುವ ಹಕ್ಕೇ ಇಲ್ಲದ ದಾಸರಿಗೆ ಬರೆದದ್ದು. ಬಿಡುಗಡೆ ಸಿಗುವಂತಿದ್ದರೆ ಅದನ್ನು ಉಪಯೋಗಿಸಿಕೋ ಎಂದು ದಾಸನಿಗೇ ಪೌಲ ಕೊರಿಂಥದವರ ಪತ್ರದಲ್ಲಿ ಹೇಳಿದ್ದಾನೆ. ರಾಜ ಸೌಲನು ಎಸೆದ ಈಟಿಯಿಂದ ದಾವೀದ ತಪ್ಪಿಸಿಕೊಂಡು ಓಡಿದ. ಅದನ್ನು ಅಪನಂಬಿಕೆ ಎಂದು ಯಾವ ಸಭೆಯಲ್ಲೂ ಹೇಳಿದ್ದು ನಾನು ಕೇಳಿಲ್ಲ. ಕೈಯಲ್ಲಿ ಬೇರೆ ಕೆಲಸವಿಲ್ಲದೆ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಬಿಟ್ಟು ಬಂದವರನ್ನು ತಪ್ಪಿತಸ್ಥರ ಹಾಗೆ ನೋಡುವುದನ್ನೂ ಒಪ್ಪುವುದಿಲ್ಲ.

ಇನ್ನೊಂದು ವಿಷಯ, ಧೈರ್ಯ ಹೇಳಲು ಹೋಗುವವರಿಗೆ. ಯೆರೆಮೀಯ 29:11 ಎಲ್ಲರ ಬಾಯಲ್ಲೂ ಇದೆ: ದೇವರ ಯೋಚನೆಗಳು ಹಿತದವು, ಕೇಡಿನವಲ್ಲ. ಅದಕ್ಕೆ ಮುಂಚಿನ ವಾಕ್ಯದಲ್ಲಿ ಎಪ್ಪತ್ತು ವರ್ಷ ಎಂದಿದೆ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ ಅದು. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ, ಬದುಕಿ ಎನ್ನುತ್ತದೆ. ಮುಂದಿನ ತಿಂಗಳು ಕೆಲಸ ಸಿಗುತ್ತೆ ಎಂಬ ಭರವಸೆಯಾಗಿ ಅದನ್ನು ಕೊಡಬೇಡಿ. ಸಿಗದಿದ್ದರೆ ದೇವರೇ ಮಾತು ತಪ್ಪಿದ ಹಾಗೆ ಅವರಿಗೆ ಅನ್ನಿಸುತ್ತದೆ. ಪ್ರಾರ್ಥನೆ ಮಾಡಿ, ಖಂಡಿತ ಮಾಡಿ. ಜೊತೆಗೆ ಅವರ ಬಯೋಡೇಟಾ ಒಮ್ಮೆ ಓದಿ ಕೊಡಿ. ಗೊತ್ತಿದ್ದ ಕಡೆ ಒಂದು ಮಾತು ಹೇಳಿ. ಊಟಕ್ಕೆ ಕರೆಯಿರಿ.

ಹೋದ ಭೇಟಿಯವರೆಗೂ ಆಕೆಗೆ ಕಾಯಂ ಕೆಲಸ ಸಿಕ್ಕಿರಲಿಲ್ಲ. ವಾರಕ್ಕೆ ಮೂರು ದಿನದ ಒಂದು ಸಣ್ಣ ಕೆಲಸ ಹಿಡಿದಿದ್ದರು. ಮಧ್ಯಾಹ್ನ ಎರಡೂವರೆಗೆ ಬಂದರು. ಕುರ್ಚಿ ಎಳೆದುಕೊಳ್ಳುತ್ತಲೇ, ನಾನಿನ್ನೂ ಏನೂ ಕೇಳಿರಲಿಲ್ಲ, "ಊಟ ಮಾಡ್ಕೊಂಡೇ ಬಂದೆ ಮೇಡಂ" ಅಂದರು.