‘ಮಿದುಳಿಗೆ ತಂಪು’ ಲೇಖನ ಕಳಿಸಿದವರಿಗೆ

ನಮಸ್ಕಾರ. ಲಕ್ವ (ಸ್ಟ್ರೋಕ್) ಹೊಡೆದವರ ಮೈ ತಣ್ಣಗೆ ಮಾಡಿ ಮಿದುಳು ಉಳಿಸುವ ಚಿಕಿತ್ಸೆ ಬಗ್ಗೆ ನೀವು ಬರೆದದ್ದನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನಿಮ್ಮ ಬರವಣಿಗೆಯಲ್ಲಿ ಕಸುವಿದೆ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಮೊದಲು ಕೊನೆಯ ಪ್ಯಾರಾ. ‘ಆಂಬುಲೆನ್ಸ್ ಬರುವವರೆಗೆ ತಲೆಗೆ ಐಸ್ ಇಡಿ’ ಎಂದಿದ್ದೀರಿ. ದಯವಿಟ್ಟು ತೆಗೆದುಬಿಡಿ. ತಲೆಯ ಮೇಲೆ ಐಸ್ ಇಟ್ಟರೆ ಚರ್ಮ ತಣ್ಣಗಾಗುತ್ತದೆ. ಒಳಗೆ ಬೆಚ್ಚನೆಯ ರಕ್ತ ಹರಿಯುತ್ತಲೇ ಇರುತ್ತದೆ. ಇದನ್ನು ನಂಬಿ ಯಾರಾದರೂ 108ಕ್ಕೆ ಕರೆ ಮಾಡುವ ಮೊದಲು ಐಸ್ ಹುಡುಕಲು ಹೊರಟರೆ? ಹೆಪ್ಪುಗಟ್ಟಿದ ರಕ್ತ ಮಿದುಳಿನ ದೊಡ್ಡ ರಕ್ತನಾಳವನ್ನು ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂಬ ಅಂದಾಜಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ವ ಹೊಡೆದ 4.5 ಗಂಟೆಯೊಳಗೆ ಸಿಗಬೇಕು.

ಇನ್ನು ಪುರಾವೆ. ನೀವು ಕೊಟ್ಟಿರುವುದು ಲಕ್ವದ್ದಲ್ಲ. ನೀವು ಹೆಸರಿಸಿದ 2002ರ ಎರಡು ಪ್ರಯೋಗಗಳು ಹೃದಯ ನಿಂತು ಮತ್ತೆ ಬಡಿದುಕೊಂಡವರ ಮೇಲೆ ನಡೆದವು. 2021ರ ದೊಡ್ಡ ಪ್ರಯೋಗದಲ್ಲಿ ಅಂಥವರಿಗೂ ಮೈಯನ್ನು 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದ್ದರಿಂದ ಲಾಭ ಕಾಣಲಿಲ್ಲ. ಹುಟ್ಟುವಾಗ ಉಸಿರುಕಟ್ಟಿದ ಶಿಶುಗಳನ್ನು 72 ಗಂಟೆ ತಂಪಾಗಿಡುವುದು ಶ್ರೀಮಂತ ದೇಶಗಳಲ್ಲಿ ಫಲ ಕೊಟ್ಟಿದೆ, ನಿಜ. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ನಡೆದ ಹೆಲಿಕ್ಸ್ ಪ್ರಯೋಗದಲ್ಲಿ ತಂಪು ಕೊಟ್ಟ ಶಿಶುಗಳೇ ಜಾಸ್ತಿ ತೀರಿಕೊಂಡವು. ನಮ್ಮ ಓದುಗರಿಗೆ ಇದು ಗೊತ್ತಾಗಬೇಕು ಅಲ್ವಾ?

ನಿಮ್ಮ ನಿಜವಾದ ಕಥೆ ನೀವು ಒಂದೇ ಸಾಲಲ್ಲಿ ದಾಟಿಹೋದ ಕಡೆ ಇದೆ: ಯುರೋಹೈಪ್-1. ಯುರೋಪಿನಲ್ಲಿ 1500 ಲಕ್ವ ರೋಗಿಗಳನ್ನು ಸೇರಿಸಬೇಕೆಂದು ಹೊರಟ ಪ್ರಯೋಗ 98 ಜನಕ್ಕೇ ನಿಂತಿತು. ಯಾಕೆ ಅಷ್ಟು ಕಷ್ಟ? ಲಕ್ವ ರೋಗಿ ಬಹಳ ಸಲ ಎಚ್ಚರವಾಗಿರುತ್ತಾನೆ. ಮೈ 34–35 ಡಿಗ್ರಿಗೆ ಇಳಿಸಲು ಹೋದರೆ ಗಡಗಡ ನಡುಗುತ್ತಾನೆ. ನಡುಕದಿಂದ ಮತ್ತೆ ಶಾಖ ಹುಟ್ಟುತ್ತದೆ, ಆಮ್ಲಜನಕ ಜಾಸ್ತಿ ಬೇಕಾಗುತ್ತದೆ. ನಡುಕ ತಡೆಯಲು ಔಷಧಿ ಕೊಟ್ಟರೆ ಮಂಪರು. ನ್ಯುಮೋನಿಯಾದ ಭಯ ಬೇರೆ. ಹೆಚ್ಚಿನವರಲ್ಲಿ ಅಂದುಕೊಂಡ ಮಟ್ಟಕ್ಕೆ ತಂಪು ತಲುಪಲೇ ಇಲ್ಲ. ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ಅಷ್ಟು ಕಡಿಮೆ ಜನರಿಂದ ತೀರ್ಮಾನಕ್ಕೂ ಬರಲಾಗದು. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಮನುಷ್ಯರ ಹಾಸಿಗೆ ಪಕ್ಕ ಏಕೆ ಎಡವಿತು? ಅದನ್ನೇ ಬರೆಯಿರಿ. ನಾನಂತೂ ಕಾದು ಓದುತ್ತೇನೆ.

ಸುಮ್ನೆ ಬಂದುಹೋಗುವ ‘ಪವಾಡ’ ಪದವನ್ನು ಎಲ್ಲ ಕಡೆ ತೆಗೆಯಿರಿ. ಹೊಸ ಕರಡನ್ನು ನರರೋಗ ವೈದ್ಯರೊಬ್ಬರಿಗೆ ಓದಿಸಿ, ಆಮೇಲೆ ನನಗೆ ಕಳಿಸಿ.